ಒಂದೇ ರಾತ್ರಿ, ಒಂದೇ ಸಿನಿಮಾ: ಸ್ಪೈ ಸರಣಿಗಳಲ್ಲಿ ಯಾವುದನ್ನು ಆರಿಸಬೇಕು?

'ಮಿಷನ್ ಇಂಪಾಸಿಬಲ್' ಸರಣಿಯಲ್ಲಿ 1996ರಿಂದ 2025ರವರೆಗೆ ಎಂಟು ಸಿನಿಮಾ ಬಂದಿವೆ. ಜೇಮ್ಸ್ ಬಾಂಡ್ ಮೂಲ ಸರಣಿಯಲ್ಲಿ 1962ರಿಂದ 2021ರವರೆಗೆ ಇಪ್ಪತ್ತೈದು. ಗೂಢಚಾರ ಜೇಸನ್ ಬೋರ್ನ್‌ನ ಸರಣಿಯಲ್ಲಿ ಐದು. ನಮ್ಮ ರಾಜ್‌ಕುಮಾರ್ ಅವರ ಸಿ.ಐ.ಡಿ. 999 ನಾಲ್ಕು. ಬ್ಯಾಸಿಗಿ ರಜೆಗೆ ಅಣ್ಣತಮ್ಮಂದಿರ ಮಕ್ಕಳೆಲ್ಲ ಕಲಬುರಗಿಯ ಮನೆಯಲ್ಲಿ ಕೂಡಿದಾಗ ಮಾಳಿಗೆ ಮೇಲೆ ಬಿಳಿ ಚಾದರ ಕಟ್ಟಿ ಒಂದು ಸಿನಿಮಾ ಹಾಕುವುದಿದ್ದರೆ ಇಷ್ಟರಲ್ಲಿ ಯಾವುದು? "ಹೊಸಾದು ಹಾಕ್ರಿ" ಅನ್ನುವವರು ಕೆಲವರು, "ದೊಡ್ಡ ಸ್ಟಂಟ್ ಇರೋದು ಹಾಕ್ರಿ" ಅನ್ನುವವರು ಉಳಿದವರು. ಎರಡು ಅಳತೆಯೂ ಸರಿಯಲ್ಲ. ಹೊಸದು ಅಂದರೆ ಬಹಳ ಸಲ ಉದ್ದದ್ದು ಅಂತಲೇ ಅರ್ಥ. ದೊಡ್ಡ ಸ್ಟಂಟ್ ಎಲ್ಲ ಭಾಗದಲ್ಲೂ ಇರುತ್ತದೆ, ಹಾಗಾಗಿ ಅದರಿಂದ ಒಂದನ್ನು ಇನ್ನೊಂದರಿಂದ ಬೇರೆ ಮಾಡಲು ಬರುವುದಿಲ್ಲ.

ಸರಣಿ ಅಂದಮೇಲೆ ನಾಯಕ ಅವನೇ, ಟ್ಯೂನ್ ಅದೇ, ವೇಷ ಮರೆಸುವ ಆಟವೂ ಅದೇ. ಅರ್ಧ ದಾರಿಯಲ್ಲಿ ಅವನು ಸಾಯುವುದಿಲ್ಲ ಎಂಬುದು ಟಿಕೆಟ್ ತೆಗೆಯುವ ಮೊದಲೇ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎದೆ ಡವಡವ ಅನ್ನಿಸುವ ಸಿನಿಮಾ ಒಂದು ಕೆಲಸವನ್ನು ಶಿಸ್ತಾಗಿ ಮಾಡಿರುತ್ತದೆ. ಏನೇನು ಆಗಬಾರದು ಎಂಬುದನ್ನು ಮೊದಲೇ ಹೇಳಿಬಿಡುತ್ತದೆ. ಆಮೇಲೆ ಅವನ್ನೇ ಒಂದೊಂದಾಗಿ ಆಗಿಸುತ್ತದೆ.

ಇದಕ್ಕೆ ಇವತ್ತಿಗೂ ಅಳತೆಗೋಲು ಬ್ರಿಯಾನ್ ಡಿ ಪಾಲ್ಮಾ ನಿರ್ದೇಶಿಸಿದ 1996ರ ಮೊದಲ 'ಮಿಷನ್ ಇಂಪಾಸಿಬಲ್'. ಸಿಐಎ ಕಚೇರಿಯ ಒಂದು ಬಿಳಿ ಕೋಣೆಯಿಂದ ಗೂಢಚಾರರ ಹೆಸರಿನ ಪಟ್ಟಿ ಕದಿಯಬೇಕು. ಕೋಣೆಯೊಳಗೆ ಮೂರು ಕಾವಲು: ಪಿಸುಮಾತಿಗಿಂತ ಜೋರಾಗಿ ಸದ್ದಾದರೆ ಅಲಾರಂ, ಕೋಣೆಯ ಬಿಸಿ ಏರಿದರೆ ಅಲಾರಂ, ನೆಲಕ್ಕೆ ತೂಕ ತಾಗಿದರೆ ಅಲಾರಂ. ಇದನ್ನೆಲ್ಲ ನಾಯಕ ಈಥನ್ ತನ್ನ ತಂಡಕ್ಕೆ ಮುಂಚೆಯೇ ವಿವರಿಸಿರುತ್ತಾನೆ, ಅಂದರೆ ನಮಗೂ ವಿವರಿಸಿದ ಹಾಗಾಯಿತು. ಆಮೇಲೆ ಅವನು ಹಗ್ಗಕ್ಕೆ ಜೋತು ಛಾವಣಿಯ ಕಿಂಡಿಯಿಂದ ಇಳಿಯುತ್ತಾನೆ. ಮೇಲೆ ಹಗ್ಗ ಹಿಡಿದವನ ಕಡೆಗೆ ಇಲಿ ಬರುತ್ತದೆ. ಹಗ್ಗ ಜಾರುತ್ತದೆ. ನೆಲಕ್ಕೆ ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ಈಥನ್ ಅಡ್ಡಡ್ಡ ನಿಲ್ಲುತ್ತಾನೆ, ಆಗ ಒಂದು ಬೆವರ ಹನಿ ಕನ್ನಡಕದ ಗಾಜಿನ ಮೇಲೆ ಜಾರುತ್ತ ಅಂಚಿಗೆ ಬರುತ್ತದೆ. ಅದು ಬೀಳುವ ಹೊತ್ತಿಗೆ ಕೈಗವಸಿನ ಅಂಗೈ ಕೆಳಗೆ ಬಂದಿರುತ್ತದೆ. ಗುಂಡಿಲ್ಲ, ಸ್ಫೋಟವಿಲ್ಲ, ಹಿನ್ನೆಲೆಯಲ್ಲಿ ವಾದ್ಯದ ಸದ್ದೂ ಇಲ್ಲ. ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಕೂತ ಕಲಬುರಗಿಯವರಿಗೆ ಬೆವರ ಹನಿಯ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ಯಾವ ಭಾಗವನ್ನಾದರೂ ಆರಿಸುವ ಮೊದಲು ಅದರ ಮುಖ್ಯ ದೃಶ್ಯವೊಂದನ್ನು ಹತ್ತು ನಿಮಿಷ ಹಾಕಿ ನೋಡಿ, ಸದ್ದು ಪೂರ್ತಿ ಬಂದ್ ಮಾಡಿ. ಯಾರು ಎಲ್ಲಿದ್ದಾರೆ, ಯಾರು ಯಾರ ಬೆನ್ನು ಹತ್ತಿದ್ದಾರೆ, ಯಾವುದು ಕೈತಪ್ಪಿದರೆ ಕೆಲಸ ಕೆಡುತ್ತದೆ ಎಂಬ ಮೂರೂ ತಿಳಿದರೆ ಆ ಸಿನಿಮಾ ಗಟ್ಟಿ. ಬೀದರಿನ ಕಾವಲು ಗೋಪುರ ಚೌಬಾರಾ ಹತ್ತಿ ನಿಂತರೆ ನಾಲ್ಕು ದಿಕ್ಕಿನ ರಸ್ತೆಯೂ ಒಟ್ಟಿಗೆ ಕಾಣುತ್ತದಲ್ಲ, ಒಳ್ಳೆಯ ಚೇಸ್ ದೃಶ್ಯದಲ್ಲಿ ಕ್ಯಾಮೆರಾ ನೋಡುಗರನ್ನು ಅಂಥ ಕಡೆ ನಿಲ್ಲಿಸಿರುತ್ತದೆ. ಕೆಟ್ಟದ್ದರಲ್ಲಿ ಟೈರು, ಸ್ಟಿಯರಿಂಗ್, ಹಲ್ಲು ಕಚ್ಚಿದ ಮುಖ, ಮತ್ತೆ ಟೈರು. ಸದ್ದು ಇದ್ದಾಗ ಅದು ವೇಗ ಅನ್ನಿಸುತ್ತದೆ. ಸದ್ದು ತೆಗೆದರೆ ಏನೂ ಉಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ ಕಥೆಗೆ. ಎಲ್ಲರೂ ಯಾವ ವಸ್ತುವಿನ ಬೆನ್ನು ಹತ್ತಿದ್ದಾರೆ, ಅದು ಕೈ ಬದಲಾದರೆ ಏನಾಗುತ್ತದೆ? ಗೂಢಚಾರಿಕೆಯ ಕಥೆ ಎಷ್ಟು ಸರಳವಾಗಿರಬಹುದು ಎಂಬುದಕ್ಕೆ ಬೀದರಿನ ಚರಿತ್ರೆಗಿಂತ ಬೇರೆ ಪಾಠ ಬೇಡ. ಬಹಮನಿ ರಾಜ್ಯದ ವಜೀರ ಮಹಮೂದ್ ಗಾವಾನ್‌ನ ವೈರಿಗಳು ಅವನ ಮೊಹರು ಇಟ್ಟುಕೊಂಡಿದ್ದವನನ್ನು ಒಳಹಾಕಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಅದರ ಮೇಲೆ, ದಂಡೆತ್ತಿ ಬಾ ಎಂದು ಒಡಿಶಾದ ರಾಜನಿಗೆ ಪತ್ರ ಬರೆದರು. ಸುಲ್ತಾನ ಮೂರನೆಯ ಮುಹಮ್ಮದ್ ಶಾ ಅದನ್ನು ನಂಬಿದ, 1481ರಲ್ಲಿ ಗಾವಾನ್‌ನ ತಲೆ ಹೋಯಿತು. ಒಂದು ಮೊಹರು, ಒಂದು ಖಾಲಿ ಕಾಗದ, ಅಷ್ಟೇ. ನಡುವೆ ಎದ್ದು ನೀರು ಕುಡಿದು ಬಂದ ಅತ್ತೆಗೆ ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಾದ ಕಥೆ ಮಾಳಿಗೆ ಪ್ರದರ್ಶನಕ್ಕೆ ಒಗ್ಗುತ್ತದೆ. ಪ್ಲುಟೋನಿಯಂ ಯಾರ ಕೈಲಿದೆ, ಅವನು ನಿಜವಾಗಿ ಅವನೇನಾ ಎಂದು ಹತ್ತು ನಿಮಿಷ ಬಿಡಿಸಬೇಕಾದ ಕಥೆ ಒಬ್ಬರೇ ಕೂತು ನೋಡುವುದಕ್ಕೆ ಸರಿ.

'ಮಿಷನ್ ಇಂಪಾಸಿಬಲ್': ನಿಜವಾದ ಪೈಪೋಟಿ ಮೂರರ ನಡುವೆ

ಎರಡನೆಯದನ್ನು (2000) ಬಿಡಬಹುದು. ಮುಖವಾಡ ಕಳಚುವ ಆಟವನ್ನು ಅದರಲ್ಲಿ ಎಷ್ಟು ಸಲ ಆಡಿದ್ದಾರೆಂದರೆ ಯಾವ ಮುಖವನ್ನೂ ನಂಬಬೇಕು ಅನ್ನಿಸುವುದಿಲ್ಲ. ಮೂರನೆಯದರಲ್ಲಿ (2006) ಫಿಲಿಪ್ ಸೀಮೋರ್ ಹಾಫ್‌ಮನ್ ಮಾಡಿದ ಖಳ ಇಡೀ ಸರಣಿಯಲ್ಲೇ ಹೆಚ್ಚು ಭಯ ಹುಟ್ಟಿಸುವವನು. ದನಿ ಏರಿಸದೆ ಬೆದರಿಸುತ್ತಾನೆ. ಆದರೆ ಎಲ್ಲರೂ ಹುಡುಕುವ ವಸ್ತು ಏನೆಂದು ಸಿನಿಮಾ ಕೊನೆಗೂ ಹೇಳುವುದಿಲ್ಲ, ಶಾಂಘೈ ಕಟ್ಟಡದೊಳಗಿನ ಕಳವನ್ನು ತೋರಿಸದೆಯೇ ಹಾರಿಸಿಬಿಡುತ್ತದೆ. ಖಳನಿಗಾಗಿ ನೋಡುವವರು ನೋಡಲಿ.

ಪೈಪೋಟಿ ಇರುವುದು 'ಘೋಸ್ಟ್ ಪ್ರೋಟೊಕಾಲ್' (2011, 132 ನಿಮಿಷ), 'ರೋಗ್ ನೇಷನ್' (2015, 131 ನಿಮಿಷ), 'ಫಾಲ್‌ಔಟ್' (2018, 147 ನಿಮಿಷ) ಈ ಮೂರರ ನಡುವೆ.

'ಘೋಸ್ಟ್ ಪ್ರೋಟೊಕಾಲ್' ಅಂದರೆ ಎಲ್ಲರಿಗೂ ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ನೆನಪಾಗುತ್ತದೆ. ಎತ್ತರಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಕೈಗವಸು. ನೀಲಿ ದೀಪ ಇದ್ದರೆ ಗಾಜಿಗೆ ಅಂಟುತ್ತದೆ, ಕೆಂಪಾದರೆ ಸತ್ತೆ ಎಂದು ಹತ್ತುವ ಮೊದಲೇ ಹೇಳುತ್ತಾರೆ. ನಡುವೆ ಒಂದು ಕೈಗವಸು ಕೈಕೊಡುತ್ತದೆ. ಆಮೇಲೆ ಮುಖವಾಡ ತಯಾರಿಸುವ ಯಂತ್ರವೂ ಕೆಡುತ್ತದೆ. ಮಾರುವವಳೂ ಕೊಳ್ಳುವವನೂ ಒಂದೇ ಹೊತ್ತಿಗೆ ಬೇರೆ ಬೇರೆ ಕೋಣೆಗೆ ಬರುತ್ತಿದ್ದಾರೆ, ಇವರು ಸ್ವಂತ ಮುಖ ಹೊತ್ತೇ ಇಬ್ಬರನ್ನೂ ನಂಬಿಸಬೇಕು. ಸರಣಿಯ ಮುಖ್ಯ ಆಯುಧವನ್ನೇ ನಾಯಕನಿಂದ ಕಿತ್ತುಕೊಂಡ ನಿರ್ದೇಶಕ ಬ್ರಾಡ್ ಬರ್ಡ್ ಅವರ ಈ ನಿರ್ಧಾರವೇ ಸಿನಿಮಾವನ್ನು ಎತ್ತಿಹಿಡಿದಿದೆ. ಖಳ ಮಾತ್ರ ಪೇಲವ. ಮುಂಬೈನ ಕಥಾಭಾಗದಲ್ಲಿ ಅನಿಲ್ ಕಪೂರ್ ಬರುವುದರಿಂದ ಹಿಂದಿ ಸಿನಿಮಾ ನೋಡಿ ಬೆಳೆದ ನಮ್ಮ ಕಡೆಯವರಿಗೆ ಖುಷಿ, ಆದರೆ ದುಬೈ ಆದಮೇಲೆ ಬಿಗಿ ಸಡಿಲವಾಗುತ್ತದೆ.

'ರೋಗ್ ನೇಷನ್' ಇದಕ್ಕೆ ತಿರುಗಾಮುರುಗಾ. ಹಾರುವ ವಿಮಾನದ ಬಾಗಿಲಿಗೆ ನಾಯಕ ಜೋತುಬಿದ್ದ ದೃಶ್ಯ ಮೊದಲಲ್ಲೇ ಮುಗಿದುಹೋಗುತ್ತದೆ. ಕೊನೆಯದು ಲಂಡನ್ನಿನ ಕತ್ತಲೆ ಓಣಿಗಳಲ್ಲಿ, ಒಂದು ಗಾಜಿನ ಪೆಟ್ಟಿಗೆಯಲ್ಲಿ. ನಾಯಕನನ್ನು ಖಳ ಹೇಗೆ ಗಾಜಿನ ಕೋಣೆಯಲ್ಲಿ ಕೂಡಿಹಾಕಿದ್ದನೋ ಹಾಗೆಯೇ ತಾನೂ ಸಿಕ್ಕಿಬೀಳುತ್ತಾನೆ. ಚಿಕ್ಕ ಕ್ಲೈಮ್ಯಾಕ್ಸ್ ಇಷ್ಟು ತೃಪ್ತಿ ಕೊಡುವುದು ಈ ಜಾತಿಯ ಸಿನಿಮಾದಲ್ಲಿ ಅಪರೂಪ. ಇನ್ನು ವಿಯೆನ್ನಾದ ಒಪೆರಾ ಮಂದಿರದ ದೃಶ್ಯ: ವೇದಿಕೆಯಲ್ಲಿ ಹಾಡು ನಡೆದಿದೆ, ಗುಂಡು ಯಾವ ಸ್ವರಕ್ಕೆ ಹಾರಬೇಕು ಎಂದು ಸ್ವರಲಿಪಿಯ ಹಾಳೆಯಲ್ಲಿ ಗುರುತು ಮಾಡಿದ್ದನ್ನು ಕ್ಯಾಮೆರಾ ನಮಗೆ ತೋರಿಸಿರುತ್ತದೆ. ಅಲ್ಲಿಂದ ಹಾಡೇ ಗಡಿಯಾರವಾಗುತ್ತದೆ. ಹಾಡು ಆ ಸ್ವರದ ಹತ್ತಿರ ಬರುತ್ತಿದ್ದಂತೆ ಕೈ ಬಿಗಿಯಾಗುತ್ತದೆ. ರೆಬೆಕಾ ಫರ್ಗುಸನ್ ಮಾಡಿದ ಇಲ್ಸಾ ಯಾರ ಕಡೆಯವಳು ಎಂಬ ಪ್ರಶ್ನೆ ಕಥೆಯುದ್ದಕ್ಕೂ ಜೀವಂತ ಇರುತ್ತದೆ.

'ಫಾಲ್‌ಔಟ್' ಇವೆಲ್ಲಕ್ಕಿಂತ ಬಲವಾದದ್ದು. ಆದರೆ ಒಂದು ಷರತ್ತು: 'ರೋಗ್ ನೇಷನ್' ನೋಡದವರಿಗೆ ಅರ್ಧ ಪಾತ್ರಗಳು ಗೊತ್ತಾಗುವುದಿಲ್ಲ. ವಿಮಾನದಿಂದ ಧುಮುಕುವ ದೃಶ್ಯಕ್ಕೆ ಈಥನ್ ಪಾತ್ರದ ಟಾಮ್ ಕ್ರೂಸ್ 106 ಸಲ ಹಾರಿದರು. ಅವರ ಜೊತೆಗೇ ಕ್ಯಾಮೆರಾಮನ್ ಶಿರಸ್ತ್ರಾಣಕ್ಕೆ ಕ್ಯಾಮೆರಾ ಕಟ್ಟಿಕೊಂಡು ಹಾರಿದ. ಲಂಡನ್ನಿನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಜಿಗಿಯುವಾಗ ಅವರ ಕಾಲಿನ ಹರಡು ಮುರಿಯಿತು, ಆ ಶಾಟ್ ಸಿನಿಮಾದಲ್ಲೇ ಇದೆ. ಇಂಥ ಸುದ್ದಿ ಪ್ರಚಾರಕ್ಕೆ ಚೆನ್ನ, ಆಯ್ಕೆಗೆ ಇದಿಷ್ಟೇ ಸಾಲದು. 2023ರ 'ಡೆಡ್ ರೆಕನಿಂಗ್'ನಲ್ಲಿ ಬೈಕ್ ಸಮೇತ ಬಂಡೆಯಿಂದ ಹಾರಿದ್ದೂ ಅಷ್ಟೇ ನಿಜ, ಆ ಸಿನಿಮಾ ಇಷ್ಟು ಬಿಗಿಯಾಗಿಲ್ಲ. 'ಫಾಲ್‌ಔಟ್' ಗೆಲ್ಲುವುದು ಕೊನೆಯ ಲೆಕ್ಕದಲ್ಲಿ. ಎರಡು ಬಾಂಬ್, ಒಂದು ರಿಮೋಟ್, ಹದಿನೈದು ನಿಮಿಷ. ಎಣಿಕೆ ಶುರುವಾದ ಮೇಲೆ ರಿಮೋಟಿನ ಕೀಲಿ ಕಳಚಬೇಕು, ಆಮೇಲೆ ಎರಡೂ ಬಾಂಬಿನ ತಂತಿ ಒಟ್ಟಿಗೆ ಕತ್ತರಿಸಬೇಕು. ರಿಮೋಟ್ ಇರುವುದು ಹಾರುತ್ತಿರುವ ಹೆಲಿಕಾಪ್ಟರಿನಲ್ಲಿ. ಕಥೆಯಲ್ಲಿ ಅದು ಕಾಶ್ಮೀರ, ಚಿತ್ರೀಕರಣ ನ್ಯೂಜಿಲೆಂಡಿನಲ್ಲಿ. ಮೂರು ಕಡೆ ಮೂರು ಕೆಲಸ, ಒಂದೇ ಕ್ಷಣಕ್ಕೆ ಮುಗಿಯಬೇಕು. ಎಷ್ಟೇ ಕಟ್ ಮಾಡಿದರೂ ದಾರಿ ತಪ್ಪದಿರುವುದು ಈ ಲೆಕ್ಕ ನಮ್ಮ ತಲೆಯಲ್ಲಿ ಮೊದಲೇ ಕೂತಿರುವುದರಿಂದ.

ಸರಣಿಯನ್ನೇ ನೋಡದವರು ಹೆಚ್ಚಿದ್ದರೆ 'ರೋಗ್ ನೇಷನ್' ಹಾಕಿ. ನೋಡಿದವರೇ ಕೂಡಿದ್ದರೆ 'ಫಾಲ್‌ಔಟ್'. ಚಿಕ್ಕ ಮಕ್ಕಳು ಬಹಳ ಇದ್ದರೆ 'ಘೋಸ್ಟ್ ಪ್ರೋಟೊಕಾಲ್', ಅದರಲ್ಲಿ ನಗುವೂ ಇದೆ.

ಬಾಂಡ್: 'ಕ್ಯಾಸಿನೊ ರಾಯಲ್' ಅಥವಾ 'ಸ್ಕೈಫಾಲ್'

ಹಳೆಯ ಬಾಂಡ್‌ಗಳಲ್ಲಿ 1963ರ 'ಫ್ರಂ ರಷ್ಯಾ ವಿತ್ ಲವ್' ಚಿತ್ರದ ರೈಲು ಡಬ್ಬಿಯ ಹೊಡೆದಾಟ ಈಗಲೂ ಹಳತಾಗಿಲ್ಲ. 1983ರ 'ಆಕ್ಟೊಪಸಿ'ಯನ್ನು ಉದಯಪುರ ನೋಡಲು, ಕಬೀರ್ ಬೇಡಿ ಮತ್ತು ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಅವರನ್ನು ನೋಡಲು ಹಾಕಬಹುದು, ಸಿನಿಮಾ ಎಂದು ಅದು ಮೇಲಿನ ಸಾಲಿನದ್ದಲ್ಲ. ಎಲ್ಲರೂ ಕೂತು ನೋಡಲು ಆಯ್ಕೆ ಡೇನಿಯಲ್ ಕ್ರೇಗ್ ಅವರ ಐದರಲ್ಲೇ, ಅದರಲ್ಲೂ ಎರಡರಲ್ಲಿ.

'ಕ್ಯಾಸಿನೊ ರಾಯಲ್' (2006, 144 ನಿಮಿಷ) ಮೊದಲ ಚೇಸ್‌ನಲ್ಲೇ ತನ್ನ ನಾಯಕ ಎಂಥವನು ಎಂದು ಹೇಳಿಬಿಡುತ್ತದೆ. ಓಡುತ್ತಿರುವವನು ಗೋಡೆಯ ಮೇಲಿನ ಇಕ್ಕಟ್ಟಾದ ಕಿಂಡಿಯಲ್ಲಿ ಮೀನಿನಂತೆ ನುಸುಳಿಹೋಗುತ್ತಾನೆ. ಹಿಂದೆ ಬಂದ ಬಾಂಡ್ ಆ ಗೋಡೆಯನ್ನೇ ಒಡೆದು ಆಚೆ ಬರುತ್ತಾನೆ. ಒಂದೂ ಮಾತಿಲ್ಲದೆ ಇಬ್ಬರ ಗುಣವೂ ಗೊತ್ತಾಯಿತು. ಆಮೇಲಿನ ಮುಖ್ಯ ಕಾಳಗ ಇಸ್ಪೀಟು ಮೇಜಿನ ಮೇಲೆ: ಆಟಕ್ಕೆ ಕೂರಲು ಒಂದು ಕೋಟಿ ಡಾಲರ್, ಸೋತರೆ ಮತ್ತೆ ಕೂರಲು 50 ಲಕ್ಷ, ಆ ದುಡ್ಡಿನ ಗಂಟು ಇರುವುದು ಸರ್ಕಾರಿ ಖಜಾನೆಯಿಂದ ಬಂದ ವೆಸ್ಪರ್ ಎಂಬಾಕೆಯ ಕೈಯಲ್ಲಿ. ಖಳನೂ ಗೆಲ್ಲಲೇಬೇಕು, ಇಲ್ಲದಿದ್ದರೆ ದುಡ್ಡು ಕೊಟ್ಟವರು ಅವನನ್ನು ಉಳಿಸುವುದಿಲ್ಲ. ಇಸ್ಪೀಟು ಬಾರದವರಿಗೂ ಯಾರು ಯಾಕೆ ಬೆವರುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಒಂದು ಎಚ್ಚರಿಕೆ: ಕೊನೆಯ ಭಾಗಕ್ಕೆ ಮೊದಲು ಬಾಂಡ್‌ನನ್ನು ಕುರ್ಚಿಗೆ ಕಟ್ಟಿ ಹಿಂಸಿಸುವ ದೃಶ್ಯವಿದೆ, ಮಕ್ಕಳ ಜೊತೆ ನೋಡುವಂಥದ್ದಲ್ಲ.

'ಸ್ಕೈಫಾಲ್' (2012, 143 ನಿಮಿಷ) ಕಣ್ಣಿಗೆ ಹಬ್ಬ. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಶಾಂಘೈ ಗೋಪುರದ ಹೊಡೆದಾಟವನ್ನು ಬಣ್ಣದ ಜಾಹೀರಾತು ಬೆಳಕಿನ ಮುಂದೆ ಬರೀ ಎರಡು ಕಪ್ಪು ನೆರಳುಗಳಾಗಿ ತೋರಿಸಿದ್ದಾರೆ. ಖಳನ ಮೊದಲ ಪ್ರವೇಶವೂ ಹಾಗೆಯೇ. ದೂರದ ಲಿಫ್ಟಿನಿಂದ ಇಳಿದು ಕಥೆ ಹೇಳುತ್ತ ನಡೆದು ಹತ್ತಿರ ಬರುವವರೆಗೆ ಕಟ್ ಇಲ್ಲ. ಖಳನ ಸಂಚು ಮಾತ್ರ ಕೂತು ಯೋಚಿಸಿದರೆ ನಿಲ್ಲುವುದಿಲ್ಲ, ಎಲ್ಲವೂ ಅವನಿಗೆ ಬೇಕಾದ ಗಳಿಗೆಗೇ ಒದಗಿಬರುತ್ತದೆ. ನಮ್ಮ ಮಟ್ಟಿಗೆ ಸಿನಿಮಾವಾಗಿ 'ಕ್ಯಾಸಿನೊ ರಾಯಲ್' ಮೇಲು. ಆದರೆ ಮನೆಮಂದಿಯೆಲ್ಲ ಕೂತ ಮಾಳಿಗೆಗೆ 'ಸ್ಕೈಫಾಲ್' ಸರಿ, ಕಾಪಾಡಬೇಕಾದದ್ದು ಒಬ್ಬ ಹಿರಿಯ ಹೆಂಗಸನ್ನು ಎಂಬುದು ಎಲ್ಲರಿಗೂ ಕೂಡಲೇ ನಾಟುತ್ತದೆ. ನಡುವಿನ 'ಕ್ವಾಂಟಮ್ ಆಫ್ ಸೊಲೇಸ್' (2008) 106 ನಿಮಿಷದಲ್ಲೇ ಮುಗಿಯುತ್ತದೆ ಎಂದು ಆಸೆಪಡಬೇಡಿ. ಅದರ ಮೊದಲ ಕಾರ್ ಚೇಸ್‌ಗೆ ಮೇಲೆ ಹೇಳಿದ ಸದ್ದಿಲ್ಲದ ಪರೀಕ್ಷೆ ಮಾಡಿ ನೋಡಿ, ಯಾವ ಕಾರು ಯಾರದೆಂದು ಹಿಡಿಯಲು ಆಗುವುದಿಲ್ಲ.

ಬೋರ್ನ್: ನಡುಗುವ ಕ್ಯಾಮೆರಾದ ಲಾಭ ನಷ್ಟ

'ದ ಬೋರ್ನ್ ಅಲ್ಟಿಮೇಟಂ' (2007, 115 ನಿಮಿಷ) ಸುಮಾರು ಎರಡು ಸೆಕೆಂಡಿಗೊಂದು ಕಟ್ ಇರುವ ಸಿನಿಮಾ. ಆದರೂ ಅದು 'ಕ್ವಾಂಟಮ್' ಥರ ಕಲಸುಮೇಲೋಗರ ಆಗದಿರಲು ಕಾರಣ ಲಂಡನ್ನಿನ ವಾಟರ್‌ಲೂ ನಿಲ್ದಾಣದ ದೃಶ್ಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬೋರ್ನ್ ಒಬ್ಬ ಪತ್ರಕರ್ತನ ಜೇಬಿಗೆ ಮೊಬೈಲ್ ಹಾಕಿ, ಎಲ್ಲಿ ನಿಲ್ಲಬೇಕು, ಯಾವಾಗ ಬಗ್ಗಿ ಬೂಟಿನ ಲೇಸ್ ಕಟ್ಟಬೇಕು, ಯಾವಾಗ ನಡೆಯಬೇಕು ಎಂದು ಒಂದೊಂದೇ ಹೇಳುತ್ತಾನೆ. ಅವನ ಮಾತೇ ನಮಗೆ ನಕ್ಷೆ. ಪತ್ರಕರ್ತ ಒಂದು ಸಲ ಮಾತು ಮೀರುತ್ತಾನೆ, ಜೀವ ಹೋಗುತ್ತದೆ. ಈ ಸಿನಿಮಾಕ್ಕೆ ಸಂಕಲನಕ್ಕೂ ಧ್ವನಿಗೂ ಸೇರಿ ಮೂರು ಆಸ್ಕರ್ ಬಂದವು.

ಆದರೆ ದೊಡ್ಡ ಚಾದರದ ಹತ್ತಿರ ಕೂತು ನೋಡಿದರೆ ಕೆಲವರಿಗೆ ತಲೆ ಸುತ್ತಿ ಹೊಟ್ಟೆ ತೊಳಸುತ್ತದೆ. ಚಾದರ 8 ಅಡಿ ಅಗಲ ಇದ್ದರೆ ಮೊದಲ ಸಾಲನ್ನು 12 ಅಡಿ ಹಿಂದಕ್ಕೆ ಹಾಕಿ. ಅಷ್ಟು ಜಾಗ ಇಲ್ಲದ ಮಾಳಿಗೆಗೆ 2002ರ ಮೊದಲ ಭಾಗ ವಾಸಿ, ಅದರ ಕ್ಯಾಮೆರಾ ಇಷ್ಟು ಅಲುಗುವುದಿಲ್ಲ.

ಹಿರಿಯರು ಹೆಚ್ಚಿದ್ದರೆ: ಸಿ.ಐ.ಡಿ. 999

ದೊರೈ-ಭಗವಾನ್ ಜೋಡಿ ನಿರ್ದೇಶಿಸಿದ ಈ ಸರಣಿಯಲ್ಲಿ 'ಜೇಡರ ಬಲೆ' ಮತ್ತು 'ಗೋವಾದಲ್ಲಿ ಸಿ.ಐ.ಡಿ. 999' 1968ರಲ್ಲಿ, 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' 1969ರಲ್ಲಿ, 'ಆಪರೇಷನ್ ಡೈಮಂಡ್ ರಾಕೆಟ್' 1978ರಲ್ಲಿ ಬಂದವು. ಇವನ್ನು ಬಾಂಡ್‌ನ ಖರ್ಚಿನ ಜೊತೆ ತೂಗುವುದು ಅನ್ಯಾಯ. ಇಲ್ಲಿ ಎದ್ದು ಕಾಣುವುದು ಬೇರೆ: ಪಂಚೆ ಉಟ್ಟ ಪಾತ್ರಗಳಲ್ಲಿ ಮನೆಮಾತಾದ ನಟ ಕೋಟು ಹಾಕಿ ಪಿಸ್ತೂಲು ಹಿಡಿದಾಗಲೂ ಮಾತಿನ ಘನತೆ ಬಿಡುವುದಿಲ್ಲ. ಮೊದಲಿಗೆ 'ಜೇಡರ ಬಲೆ'ಯೇ ಬೇಕು. ಕನ್ನಡದಲ್ಲಿ ಈ ಬಗೆಗೆ ದಾರಿ ತೆಗೆದದ್ದು ಅದು, ಕಪ್ಪುಬಿಳುಪಿನ ನೆರಳುಗಳು ಗೂಢಚಾರಿಕೆಗೆ ಹೇಳಿ ಮಾಡಿಸಿದಂತಿವೆ. 'ಜಾಕ್‌ಪಾಟ್' ನಟಿ ರೇಖಾ ನಾಯಕಿಯಾಗಿ ಬಂದ ಮೊದಲ ಸಿನಿಮಾ, ಆ ಕುತೂಹಲಕ್ಕೆ ನೋಡಬಹುದು. ಕೂಡಿದವರು ಹಾಡಿಗೆ ದನಿಗೂಡಿಸುವಂಥವರಾದರೆ 'ಡೈಮಂಡ್ ರಾಕೆಟ್' ಹಾಕಿ: ಬಣ್ಣದ ಚಿತ್ರ, ಜಿ.ಕೆ. ವೆಂಕಟೇಶ್ ಸಂಗೀತ, 'ಇಫ್ ಯು ಕಮ್ ಟುಡೇ' ಹಾಡನ್ನು ರಾಜ್‌ಕುಮಾರ್ ಅವರೇ ಹಾಡಿದ್ದಾರೆ.

ಹೊತ್ತು, ಚಾದರ, ಸದ್ದು

ಮೇ ತಿಂಗಳಲ್ಲಿ ನಮ್ಮ ಕಡೆ ಹೊತ್ತು ಮುಳುಗುವುದು ಆರೂ ಮುಕ್ಕಾಲರ ಸುಮಾರಿಗೆ, ಪರದೆ ಮೇಲೆ ಬಣ್ಣ ಸರಿಯಾಗಿ ಕಾಣಲು ಏಳೂವರೆ ಆಗಬೇಕು. ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಾಗಾಗಿ ಕೈಲಿರುವುದು 150 ನಿಮಿಷ. 'ಫಾಲ್‌ಔಟ್' 9.57ಕ್ಕೆ ಮುಗಿಯುತ್ತದೆ, ಅಂದರೆ ಮಧ್ಯಂತರ ಕೊಡಲು ಬರುವುದಿಲ್ಲ. ಸುಸಲಾ, ಮಿರ್ಚಿ ಭಜಿ ಏನಿದ್ದರೂ ಮೊದಲೇ ಮುಗಿಸಿ. 'ರೋಗ್ ನೇಷನ್'ಗೆ ಹದಿನೈದು ನಿಮಿಷದ ಬಿಡುವು ಸಿಗುತ್ತದೆ. 163 ನಿಮಿಷದ 'ಡೆಡ್ ರೆಕನಿಂಗ್' ಮತ್ತು ಬಾಂಡ್‌ನ 'ನೋ ಟೈಮ್ ಟು ಡೈ' ಎರಡೂ ಮಾಳಿಗೆಗೆ ಆಗಿಬರುವುದಿಲ್ಲ, ಒಳಗೆ ಟಿವಿಯಲ್ಲಿ ನೋಡಬೇಕು. ಒಟಿಟಿ ಚಂದಾ ಮನೆಯವರ ಬಳಕೆಗೆ ಮಾತ್ರ. ಓಣಿಗೆಲ್ಲ ಕರೆದು ಅಥವಾ ಸಂಘದ ಹೆಸರಲ್ಲಿ ತೋರಿಸುವುದಿದ್ದರೆ ಹಕ್ಕುದಾರರ ಪರವಾನಗಿ ಬೇಕು.

ಇವುಗಳಲ್ಲಿ ಹೊಸ ಹಾಲಿವುಡ್ ಸಿನಿಮಾಗಳ ಚಿತ್ರ ಬಹಳ ಅಗಲ, ಎತ್ತರ ಕಡಿಮೆ. 8 ಅಡಿ ಅಗಲದ ಚಾದರದ ಮೇಲೆ ಚಿತ್ರದ ಎತ್ತರ ಸುಮಾರು 40 ಇಂಚು. ಆದರೆ 'ಫಾಲ್‌ಔಟ್' ಬ್ಲೂ-ರೇ ಡಿಸ್ಕಿನಲ್ಲಿ ಎತ್ತರದ ಚೌಕಟ್ಟಿನ ಐಮ್ಯಾಕ್ಸ್ ದೃಶ್ಯಗಳು ಬಂದಾಗ ಅದು 50 ಇಂಚಿಗೆ ಬೆಳೆಯುತ್ತದೆ. ಕೆಳಗೆ ಕುರ್ಚಿಯವರ ತಲೆ ಅಡ್ಡ ಬರದಂತೆ ಮೊದಲೇ ಜಾಗ ಬಿಟ್ಟು ಕಟ್ಟಿ, ಗಾಳಿಗೆ ಹಾರದಂತೆ ಚಾದರದ ಕೆಳಗಿನ ಎರಡು ಮೂಲೆಗೂ ಭಾರ ಕಟ್ಟಿ. ಟಿವಿ ಅಥವಾ ಪ್ರೊಜೆಕ್ಟರಿನಲ್ಲಿ ಚಲನೆ ನುಣುಪು ಮಾಡುವ ಸೆಟಿಂಗ್ ಇದ್ದರೆ ಬಂದ್ ಮಾಡಿ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾಕ್ಕೆ ಅದು ಇಲ್ಲದ ಫ್ರೇಮು ಸೇರಿಸಿ ಹೊಡೆದಾಟವನ್ನು ಧಾರಾವಾಹಿಯಂತೆ ಕಾಣಿಸುತ್ತದೆ. ಕರೆಂಟು ಹೋಗುವ ಊರಲ್ಲಿ ಬಲ್ಬಿನ ಪ್ರೊಜೆಕ್ಟರನ್ನು ಯುಪಿಎಸ್ ಇಲ್ಲದೆ ಹಾಕಬೇಡಿ. ಫ್ಯಾನು ತಣ್ಣಗೆ ಮಾಡುವ ಮೊದಲೇ ನಿಂತರೆ ಬಲ್ಬಿನ ಆಯಸ್ಸು ಕಡಿಮೆಯಾಗುತ್ತದೆ.

ಮೂರು ರಾತ್ರಿ ಸಿಕ್ಕರೆ 1996ರ ಮೊದಲ ಭಾಗ, 'ರೋಗ್ ನೇಷನ್', 'ಫಾಲ್‌ಔಟ್' ಇದೇ ಕ್ರಮದಲ್ಲಿ ಹಾಕಿ. ಎರಡನೆಯದರಲ್ಲಿ ಸಿಕ್ಕಿಬಿದ್ದ ಖಳ ಮೂರನೆಯದರಲ್ಲಿ ಮತ್ತೆ ಬರುತ್ತಾನೆ, ಮೊದಲ ಭಾಗದ ಮ್ಯಾಕ್ಸ್ ಎಂಬಾಕೆಯ ಮಗಳೂ ಅದರಲ್ಲೇ ಇದ್ದಾಳೆ. ಮದುವೆ ಸೀಸನ್ನಿನಲ್ಲಿ ಪಕ್ಕದ ಓಣಿಯಲ್ಲಿ ಬ್ಯಾಂಡು ಇರುವ ರಾತ್ರಿ ಮಾತ್ರ ಮೊದಲ ಭಾಗ ಬೇಡ, ಆ ಬಿಳಿ ಕೋಣೆಯ ದೃಶ್ಯಕ್ಕೆ ನಿಶ್ಶಬ್ದವೇ ಬೇಕು. ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.